ಪರದೇಶಕ್ಕೆ ಹೊರಟ ಫೋನಿಗೆ ಮೊದಲೇ ಮಾಡಬೇಕಾದ ಕೆಲಸ

ನಮ್ಮ ರಾಯಚೂರು ಕಡೆಯಿಂದ ಪರದೇಶಕ್ಕೆ ಹೋಗುವವರು ಈಗ ಕಡಿಮೆಯೇನಲ್ಲ. ಉಮ್ರಾಕ್ಕೆ ಹೊರಟ ಹಿರಿಯರು, ದುಬೈ ಕಡೆ ಕೆಲಸಕ್ಕೆ ಹೊರಟ ಹುಡುಗರು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು. ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಗಾಡಿ ಬುಕ್ ಆಗಿರುತ್ತದೆ. ಶೇಂಗಾ ಚಟ್ನಿಪುಡಿ, ರೊಟ್ಟಿ ಕಟ್ಟಿ ಆಗಿರುತ್ತದೆ. ಫೋನ್ ಮಾತ್ರ ಹಾಗೇ ಚಾರ್ಜಿಗೆ ಹಾಕಿದ್ದು, ಹಾಗೇ ಚೀಲಕ್ಕೆ ಹೋಗುತ್ತದೆ.

ನಮ್ಮ ಚಿಗವ್ವ ಸಿಂಧನೂರಿನಿಂದ ಡಲ್ಲಾಸ್‌ಗೆ ಹೋದಾಗ ಆಗಿದ್ದೂ ಇದೇ. ಬ್ಯಾಂಕಿನ ಒಟಿಪಿ ಬರಲಿ ಅಂತ ರೋಮಿಂಗ್ ಸೇವೆ, ಅಂದರೆ ಊರಿನ ಸಿಮ್ ಪರದೇಶದಲ್ಲೂ ನಡೆಯುವ ವ್ಯವಸ್ಥೆ, ಶುರು ಮಾಡಿಸಿದ್ದೆವು. ಪ್ಯಾಕ್ ಹಾಕಿಸಿರಲಿಲ್ಲ. ಪೋಸ್ಟ್‌ಪೇಯ್ಡ್ ನಂಬರ್. ಅಲ್ಲಿ ಇಳಿದವರು ನಿದ್ದೆಗಣ್ಣಲ್ಲಿ ಮಗಳ ಮನೆ ಸೇರಿ ಮಲಗಿದರು. ವೈಫೈ ಪಾಸ್‌ವರ್ಡ್ ಹಾಕಿದ್ದು ಮರುದಿನ. ಅಷ್ಟರೊಳಗೆ ಚೀಲದಲ್ಲಿದ್ದ ಫೋನು ತನ್ನ ಪಾಡಿಗೆ ಬಂಧುಗಳ ಗ್ರೂಪಿನ ಶುಭೋದಯದ ಚಿತ್ರಗಳು, ಮದುವೆ ವಿಡಿಯೋ, ಆ್ಯಪ್‌ಗಳ ಅಪ್‌ಡೇಟ್ ಎಲ್ಲ ಎಳೆದುಕೊಳ್ಳುತ್ತಿತ್ತು. ತಿಂಗಳ ಕೊನೆಗೆ ಬಿಲ್ ನೋಡಿ ಮನೆಯವರೆಲ್ಲ ದಂಗಾದರು. "ನಾ ಯಾರಿಗೂ ಫೋನೇ ಮಾಡಿಲ್ಲಪಾ, ಇಷ್ಟು ರೊಕ್ಕ ಹೆಂಗ ಬಂತು?" ಎಂದು ಚಿಗವ್ವ ಅಲ್ಲಿಂದ ಕೇಳಿದಾಗ ನನಗೆ ಬಹಳ ಬೇಜಾರಾಯಿತು. ಅವರ ತಪ್ಪು ಏನೂ ಇರಲಿಲ್ಲ. ನೋಡಿ ಕಳಿಸಬೇಕಾದವರು ನಾವು.

ಮುಂದಿನ ಸಲ ಅವರು ಹೊರಡುವಾಗ ಪಡಸಾಲೆಯಲ್ಲಿ ಕೂತು, ಅವರ ಫೋನ್ ಕೈಗೆ ತೆಗೆದುಕೊಂಡು, ಒಂದೊಂದಾಗಿ ಎಲ್ಲ ಮಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಮನೆಯ ಸಿಮ್ ಒಟಿಪಿಗೆ, ಅಲ್ಲಿಯ ಸಿಮ್ ಇಂಟರ್ನೆಟ್‌ಗೆ. ಈ ಎರಡು ಕೆಲಸ ಬೇರೆ ಬೇರೆ ಮಾಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ದುಡ್ಡು ಎಲ್ಲಿಂದ ಹೋಗುತ್ತದೆ?

ಪರದೇಶದಲ್ಲಿ ನಮ್ಮ ಸಿಮ್ ಅಲ್ಲಿಯ ಕಂಪನಿಯ ಟವರ್ ಬಳಸುತ್ತದೆ. ಆ ಕಂಪನಿ ನಮ್ಮ ಕಂಪನಿಗೆ ಲೆಕ್ಕ ಕಳಿಸುತ್ತದೆ, ನಮ್ಮ ಕಂಪನಿ ನಮಗೆ. ಪ್ಯಾಕ್ ಇಲ್ಲದಿದ್ದರೆ ನಾವು ಮಾಡಿದ ಕರೆಗೂ ದುಡ್ಡು, ನಮಗೆ ಬಂದ ಕರೆಗೂ ದುಡ್ಡು. ಊರಲ್ಲಿ ಒಳಬರುವ ಕರೆ ಪುಕ್ಕಟೆ ಇರುವುದರಿಂದ ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಎತ್ತಿದರೆ ಲೆಕ್ಕ ಶುರು. ಒಳಬರುವ ಎಸ್‌ಎಂಎಸ್‌ಗೆ ಮಾತ್ರ ಸಾಮಾನ್ಯವಾಗಿ ದುಡ್ಡಿಲ್ಲ. ಅದಕ್ಕೇ ಮನೆಯ ಸಿಮ್ಮನ್ನು ಒಟಿಪಿಗೆ ಇಟ್ಟುಕೊಳ್ಳಿ ಎಂದಿದ್ದು.

ಎಲ್ಲಕ್ಕಿಂತ ಜಾಸ್ತಿ ಕಡಿಯುವುದು ಡೇಟಾ. ಕರೆಯಾದರೆ ನಾವು ಮಾಡಬೇಕು. ಡೇಟಾ ಹಾಗಲ್ಲ, ನಾವು ಮಲಗಿದ್ದಾಗಲೂ ಹರಿಯುತ್ತಿರುತ್ತದೆ.

ನಮ್ಮ ಭಾಗದವರು ಇಲ್ಲಿ ಇನ್ನೊಂದು ಸಂಗತಿ ನೋಡಿಕೊಳ್ಳಬೇಕು. ನಮಗೆ ಗಡಿ ದಾಟುವುದು ದಿನದ ಮಾತು. ದೇವಸೂಗೂರಿನ ಹತ್ತಿರ ಕೃಷ್ಣೆ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿದರೆ ಮಂತ್ರಾಲಯ. ಕೆಲವು ಫೋನ್‌ಗಳಲ್ಲಿ ರಾಜ್ಯ ದಾಟಿದ ಕೂಡಲೇ ನೆಟ್ ನಿಂತುಬಿಡುತ್ತದೆ. ಆಗ ಯಾರೋ ಒಬ್ಬರು 'ಡೇಟಾ ರೋಮಿಂಗ್' ಆನ್ ಮಾಡಿ ಕೊಡುತ್ತಾರೆ. ದೇಶದೊಳಗೆ ಅದಕ್ಕೆ ಬೇರೆ ದುಡ್ಡಿಲ್ಲ, ಹಾಗಾಗಿ ವರ್ಷಗಟ್ಟಲೆ ಅದು ಆನ್ ಆಗಿಯೇ ಇರುತ್ತದೆ. ಚಿಗವ್ವನ ಫೋನಿನಲ್ಲೂ ಹಾಗೇ ಇತ್ತು. ಮಂತ್ರಾಲಯಕ್ಕೆ ಹೋದಾಗ ಒತ್ತಿದ ಗುಂಡಿ ಡಲ್ಲಾಸ್‌ನಲ್ಲಿ ಬಿಲ್ ಆಯಿತು.

ಹದಿನೈದು ದಿನ ಮೊದಲು: ಫೋನ್ ಮತ್ತು ಮನೆಯ ಸಿಮ್

ಫೋನಿನಲ್ಲಿ *#06# ಒತ್ತಿ. ಐಎಂಇಐ (ಫೋನಿನ ಗುರುತಿನ) ನಂಬರ್ ಎರಡು ಕಂಡರೆ ಎರಡು ಸಿಮ್ ನಡೆಯುತ್ತವೆ. ಅದರ ಜೊತೆ 'ಇಐಡಿ' ಅಂತ ಒಂದು ಉದ್ದ ನಂಬರ್ ಕಂಡರೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್, ಕೂಡ ನಡೆಯುತ್ತದೆ. ಆಮೇಲೆ ಸಿಮ್ ಟ್ರೇ ಹೊರಗೆ ಎಳೆದು ನೋಡಿ. ಎಷ್ಟೋ ಫೋನ್‌ಗಳಲ್ಲಿ ಎರಡನೇ ಸಿಮ್ ಜಾಗದಲ್ಲೇ ಮೆಮೊರಿ ಕಾರ್ಡ್ ಕೂತಿರುತ್ತದೆ. ಚಿಗವ್ವನ ಫೋನಿನಲ್ಲೂ ಕಾರ್ಡ್ ಇತ್ತು. ಅದರ ತುಂಬ ಮೊಮ್ಮಗಳ ಫೋಟೋ. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಕಾರ್ಡ್ ತೆಗೆದು ಜಾಗ ಖಾಲಿ ಮಾಡಿದೆ. ಇಂಥ ಕೆಲಸ ಹೊರಡುವ ದಿನ ಆಗುವುದಿಲ್ಲ.

ಬರೀ 2ಜಿ ಇರುವ ಕೀಪ್ಯಾಡ್ ಫೋನ್ ತೆಗೆದುಕೊಂಡು ಅಮೆರಿಕಕ್ಕೆ ಹೋಗಬೇಡಿ. ಅಲ್ಲಿನ ದೊಡ್ಡ ಕಂಪನಿಗಳು 2022ರೊಳಗೆ 3ಜಿಯನ್ನೂ ಮುಚ್ಚಿಬಿಟ್ಟಿವೆ. ಸಿಂಗಾಪುರದಲ್ಲಿ 2ಜಿ 2017ರಲ್ಲೇ ನಿಂತಿದೆ. ಹಾಗೇ, ಸಿಮ್ ಕಂಪನಿಯೇ ಕಡಿಮೆ ಬೆಲೆಗೆ ಮಾರಿದ ಕೆಲವು ಫೋನ್‌ಗಳು ಆ ಕಂಪನಿಯ ಸಿಮ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ನಿಮ್ಮ ಫೋನಿಗೆ ಪಕ್ಕದ ಮನೆಯವರ ಬೇರೆ ಕಂಪನಿಯ ಸಿಮ್ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಮನೆಯ ಸಿಮ್. ಅಂತಾರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಊರಲ್ಲಿದ್ದಾಗಲೇ ಶುರು ಮಾಡಿಸಿ. ಕಂಪನಿಯ ಆ್ಯಪ್‌ನಲ್ಲೋ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿಯೋ ಆಗುತ್ತದೆ. ಇದು ಇಲ್ಲದಿದ್ದರೆ ಅಲ್ಲಿ ಸಿಗ್ನಲ್ಲೇ ಬರುವುದಿಲ್ಲ, ಒಟಿಪಿ ಎಲ್ಲಿಂದ ಬರಬೇಕು? ಸೇವೆ ಶುರು ಮಾಡಿಸುವುದು ಬೇರೆ, ಪ್ಯಾಕ್ ಹಾಕಿಸುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ನಾವೂ ಮೊದಲ ಸಲ ಎಡವಿದ್ದು. ಒಳಬರುವ ಎಸ್‌ಎಂಎಸ್‌ಗೆ ದುಡ್ಡು ಹಿಡಿಯುತ್ತೀರಾ ಅಂತ ಅದೇ ಫೋನ್ ಕರೆಯಲ್ಲಿ ಬಾಯಿಬಿಟ್ಟು ಕೇಳಿ.

ಪೋಸ್ಟ್‌ಪೇಯ್ಡ್ ಇದ್ದರೆ, ಹೊರಡುವ ಮೊದಲು ಪ್ರೀಪೇಯ್ಡ್‌ಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪ್ರೀಪೇಯ್ಡ್‌ನಲ್ಲಿ ಎಷ್ಟೇ ತಪ್ಪಾದರೂ ಹೋಗುವುದು ಒಳಗಿರುವ ಬ್ಯಾಲೆನ್ಸ್ ಅಷ್ಟೇ. ಪೋಸ್ಟ್‌ಪೇಯ್ಡ್‌ನಲ್ಲಿ ಬಿಲ್ ಬೆಳೆಯುತ್ತಲೇ ಹೋಗುತ್ತದೆ.

ಬಾಣಂತನಕ್ಕೆ ಹೋದವರು ನಾಲ್ಕೈದು ತಿಂಗಳು ಅಲ್ಲೇ ಇರುತ್ತಾರೆ ಅಲ್ವಾ? ಅಷ್ಟು ದಿನ ಸಿಮ್ ಜೀವಂತ ಇರಬೇಕು. ರೀಚಾರ್ಜ್ ಅವಧಿ ಮುಗಿದರೆ ಸ್ವಲ್ಪ ದಿನಕ್ಕೆ ಒಳಬರುವ ಎಸ್‌ಎಂಎಸ್ ಕೂಡ ನಿಲ್ಲುತ್ತದೆ. ಬಳಸದೇ ಬಿಟ್ಟ ಪ್ರೀಪೇಯ್ಡ್ ನಂಬರನ್ನು 90 ದಿನದ ನಂತರ ಕಂಪನಿ ರದ್ದು ಮಾಡಬಹುದು, ಅದು ಬೇರೆಯವರ ಕೈಗೂ ಹೋಗಬಹುದು. ಬ್ಯಾಂಕು, ಆಧಾರ್, ಗ್ಯಾಸ್ ಎಲ್ಲಕ್ಕೂ ಜೋಡಿಸಿದ ನಂಬರ್ ಅದು. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಮಾಡಿದ ನಿಯಮದಿಂದ, ಡೇಟಾ ಇಲ್ಲದೆ ಬರೀ ಮಾತು ಮತ್ತು ಎಸ್‌ಎಂಎಸ್ ಇರುವ ಪ್ಯಾಕ್‌ಗಳನ್ನೂ ಕಂಪನಿಗಳು ಕೊಡಬೇಕಾಗಿದೆ. ಅವುಗಳ ಅವಧಿ 365 ದಿನದವರೆಗೂ ಇರಬಹುದು. ಪರದೇಶದಲ್ಲಿ ಇರುವಷ್ಟು ದಿನ ಊರಿನ ಡೇಟಾ ಸುಮ್ನೆ ದಂಡ. ಹಾಗಾಗಿ ಇಂಥ ಉದ್ದ ಪ್ಯಾಕ್ ಒಂದನ್ನು ಹಾಕಿ ಕಳಿಸಿ.

ಇನ್ನೊಂದು, ಇದು ಇತ್ತೀಚೆಗೆ ಜಾಸ್ತಿ ಆಗುತ್ತಿದೆ. ಅಮೆರಿಕದಲ್ಲಿರುವ ಮಗ ಅಮ್ಮನಿಗೆ ಅಂತ ಪ್ರೀತಿಯಿಂದ ಅಲ್ಲಿಯ ಐಫೋನ್ ತೆಗೆದಿಟ್ಟಿರುತ್ತಾನೆ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಟ್ರೇ ಇರುವುದಿಲ್ಲ. ಬರೀ ಇ-ಸಿಮ್. ಊರಿನ ಸಿಮ್ ಕೈಯಲ್ಲಿ ಹಿಡಿದುಕೊಂಡು ಅದರಲ್ಲಿ ಹಾಕುವುದೆಲ್ಲಿ? ಅಂಥ ಫೋನ್ ಬಳಸುವ ಯೋಚನೆ ಇದ್ದರೆ ನಿಮ್ಮ ನಂಬರನ್ನು ಇ-ಸಿಮ್‌ಗೆ ಹೇಗೆ, ಯಾವಾಗ ಬದಲಾಯಿಸುವುದು ಅಂತ ಇಲ್ಲೇ ಕೇಳಿಕೊಳ್ಳಿ. ಮೋಸ ತಡೆಯಲು ಅಂತ, ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುತ್ತಾರೆ. ಹೊರಡುವ ದಿನ ಸಿಮ್ ಬದಲಾಯಿಸಿದರೆ ಒಟಿಪಿ ಇಲ್ಲದೆ ಒದ್ದಾಡಬೇಕಾಗುತ್ತದೆ.

ಹಿಂದಿನ ರಾತ್ರಿ: ಸೆಟ್ಟಿಂಗ್ಸ್

ಈ ಭಾಗಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಮನೆಯಲ್ಲಿ ಫೋನ್ ಚೆನ್ನಾಗಿ ಗೊತ್ತಿರುವ ಹುಡುಗ ಹುಡುಗಿಯರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಆದರೆ ಗುಂಡಿ ಒತ್ತುವುದು ಮಾತ್ರ ಹೋಗುವವರ ಬೆರಳೇ ಆಗಲಿ. ಅಲ್ಲಿ ಹೋದ ಮೇಲೆ ಅವರೇ ಮಾಡಬೇಕಲ್ಲ.

ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಎಂಬಲ್ಲಿಗೆ ಹೋಗಿ, ಮನೆಯ ಸಿಮ್ಮಿನ 'ಡೇಟಾ ರೋಮಿಂಗ್' ಆಫ್ ಮಾಡಿ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಎರಡು ಸಿಮ್ ಇರುವ ಫೋನ್‌ಗಳಲ್ಲಿ ಇನ್ನೊಂದು ಕಿಟಕಿ ತೆರೆದಿರುತ್ತದೆ. ಒಂದು ಸಿಮ್ಮಿನ ನೆಟ್ ಕೈಕೊಟ್ಟರೆ ತಾನೇ ಇನ್ನೊಂದಕ್ಕೆ ಹಾರುವ ಸೌಲಭ್ಯ. 'ಆಟೋ ಡೇಟಾ ಸ್ವಿಚಿಂಗ್' ಅಥವಾ 'ಅಲೋ ಮೊಬೈಲ್ ಡೇಟಾ ಸ್ವಿಚಿಂಗ್' ಅಂತ ಇರುತ್ತದೆ. ಅದನ್ನೂ ಆಫ್ ಮಾಡಿ.

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ 'ಸ್ಟೋರೇಜ್ ಅಂಡ್ ಡೇಟಾ'. ಮೊಬೈಲ್ ಡೇಟಾ ಮತ್ತು ರೋಮಿಂಗ್ ಎರಡರ ಕೆಳಗೂ ಫೋಟೋ, ಆಡಿಯೋ, ವಿಡಿಯೋ ಎಲ್ಲದರ ಗುರುತು ತೆಗೆಯಿರಿ. ಶುಭೋದಯದ ಚಿತ್ರ ಬಂದರೂ ನೀವು ಮುಟ್ಟುವತನಕ ಇಳಿಯುವುದಿಲ್ಲ. 'ಯೂಸ್ ಲೆಸ್ ಡೇಟಾ ಫಾರ್ ಕಾಲ್ಸ್' ಆನ್ ಮಾಡಿ. ಚಾಟ್ ಬ್ಯಾಕಪ್, ಗೂಗಲ್ ಫೋಟೋಸ್, ಪ್ಲೇ ಸ್ಟೋರ್ ಅಪ್‌ಡೇಟ್ ಈ ಮೂರೂ ವೈಫೈ ಇದ್ದಾಗ ಮಾತ್ರ ಅಂತ ಮಾಡಿ.

ಆಮೇಲೆ ##002# ಒತ್ತಿ ಕರೆ ಮಾಡಿ. ಕಾಲ್ ಫಾರ್ವರ್ಡ್ ಎಲ್ಲ ರದ್ದಾಗುತ್ತದೆ. ಇದು ಯಾಕೆ ಅಂದರೆ, ನೀವು ಎತ್ತದ ಕರೆ ವಾಯ್ಸ್‌ಮೇಲ್‌ಗೋ ಬೇರೆ ನಂಬರಿಗೋ ಹೋಗುವಂತೆ ಇದ್ದರೆ, ಅದು ಊರಿಂದ ಅಲ್ಲಿಗೆ ಬಂದು, ಅಲ್ಲಿಂದ ಮತ್ತೆ ಊರಿಗೆ ಹೋಗುತ್ತದೆ. ಎರಡು ಕಡೆಗೂ ದುಡ್ಡು ಬೀಳಬಹುದು.

ಈಗ ನಂಬರ್‌ಗಳು. ನಾವು ಸೇವ್ ಮಾಡಿರುವುದೆಲ್ಲ ಹತ್ತು ಅಂಕಿ. ಪರದೇಶದ ಸಿಮ್ಮಿನಿಂದ ಆ ಹತ್ತು ಅಂಕಿ ಒತ್ತಿದರೆ ಕರೆ ಹೋಗುವುದಿಲ್ಲ. "ಯಾರಿಗೂ ಫೋನ್ ಹತ್ತವಲ್ದು" ಅಂತ ಗಾಬರಿಯಾಗುವುದು ಇದಕ್ಕೇ. ಮನೆಯವರ ನಂಬರ್‌ಗಳ ಮುಂದೆ +91 ಸೇರಿಸಿ. ಸೊನ್ನೆಯ ಗುಂಡಿಯನ್ನು ಒತ್ತಿ ಹಿಡಿದರೆ + ಬರುತ್ತದೆ. ಲ್ಯಾಂಡ್‌ಲೈನ್ ಆದರೆ ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಬಿಡಬೇಕು. ರಾಯಚೂರಿನ 08532 ಆಗ +91 8532 ಆಗುತ್ತದೆ, ಬಳ್ಳಾರಿಯ 08392 ಆಗ +91 8392. +91 ಸೇರಿಸಿದ ನಂಬರ್ ಊರಲ್ಲೂ ಹಾಗೇ ನಡೆಯುತ್ತದೆ, ವಾಪಸ್ ಬಂದು ತೆಗೆಯಬೇಕಿಲ್ಲ. ಚಿಗವ್ವನ ಫೋನಿನಲ್ಲಿ ಹನ್ನೆರಡು ನಂಬರ್ ಹೀಗೆ ತಿದ್ದಿದೆವು. ಜೊತೆಗೆ ಅವರ ದಿನಚರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಮಗಳ ನಂಬರ್, ಮಗಳ ಮನೆಯ ವಿಳಾಸ, ನನ್ನ ನಂಬರ್ ಬರೆದುಕೊಟ್ಟೆ. ಬ್ಯಾಟರಿ ಸತ್ತರೆ ಕಾಗದವೇ ಗತಿ.

ಗೂಗಲ್ ಮ್ಯಾಪ್ಸ್‌ನಲ್ಲಿ ಹೋಗುವ ಊರಿನ ನಕ್ಷೆಯನ್ನು ಆಫ್‌ಲೈನ್ ಆಗಿ ಇಳಿಸಿಕೊಳ್ಳಿ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ ಮತ್ತು ಅಲ್ಲಿಯ ಭಾಷೆ, ಸೌದಿಗಾದರೆ ಅರೇಬಿಕ್, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಬ್ಯಾಂಕ್ ಖಾತೆಗೆ ಇಮೇಲ್ ಕೂಡ ಜೋಡಿಸಿಡಿ. ಯುಪಿಐ ಆ್ಯಪನ್ನು ಅಲ್ಲಿ ಹೋದ ಮೇಲೆ ತೆಗೆದು ಮತ್ತೆ ಹಾಕುವ ಗೋಜಿಗೆ ಹೋಗಬೇಡಿ. ಹೊಸದಾಗಿ ಹಾಕಿದರೆ ಮನೆಯ ಸಿಮ್ಮಿನಿಂದ ಅದು ಎಸ್‌ಎಂಎಸ್ ಕಳಿಸಬೇಕಾಗುತ್ತದೆ. ಪರದೇಶದಿಂದ ಹೋಗುವ ಎಸ್‌ಎಂಎಸ್‌ಗೆ ದುಡ್ಡೂ ಹೌದು, ತಲುಪುವ ಖಾತ್ರಿಯೂ ಇಲ್ಲ.

ಕೊನೆಗೆ ಸಿಮ್ ಟ್ರೇ ತೆಗೆಯುವ ಪಿನ್. ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಾಸ್‌ಪೋರ್ಟ್ ಚೀಲದಲ್ಲೇ ಇಡಿ. ಚಿಗವ್ವನಿಗೆ ಕೆಂಪು ದಾರ ಕಟ್ಟಿ ಕೊಟ್ಟಿದ್ದೆ, ಚೀಲದೊಳಗೆ ಕೈಗೆ ಸಿಗಲಿ ಅಂತ.

ವಿಮಾನದಲ್ಲಿ, ನಡುವಿನ ನಿಲ್ದಾಣದಲ್ಲಿ

ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್. ಸುರಕ್ಷತೆಯ ಮಾತು ಹಾಗಿರಲಿ, ಕೆಲವು ವಿಮಾನಗಳ ಒಳಗೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದರ ದರ ನೆಲದ ರೋಮಿಂಗ್‌ಗಿಂತ ಬಹಳ ಜಾಸ್ತಿ. ದುಬೈ, ದೋಹಾದಲ್ಲಿ ವಿಮಾನ ಬದಲಾಯಿಸುವವರು ಅಲ್ಲೂ ಏರೋಪ್ಲೇನ್ ಮೋಡ್ ತೆಗೆಯದೆ ವೈಫೈ ಮಾತ್ರ ಆನ್ ಮಾಡಿಕೊಳ್ಳಿ. ಅಮೆರಿಕಕ್ಕೆ ಅಂತ ಹಾಕಿದ ಪ್ಯಾಕ್ ನಡುವಿನ ದೇಶಕ್ಕೆ ನಡೆಯದೇ ಇರಬಹುದು.

ಅಲ್ಲಿ ಇಳಿದ ಮೇಲೆ

ಒಂದು ವಾರಕ್ಕಿಂತ ಜಾಸ್ತಿ ಇರುವವರು ಅಲ್ಲಿಯ ಸಿಮ್ ತೆಗೆದುಕೊಳ್ಳುವುದೇ ಸರಿ. ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಇವೆ. ಯುಎಇಯಲ್ಲಿ ಎತಿಸಲಾತ್ (ಈಗ e& ಅಂತ ಹೆಸರು) ಮತ್ತು ಡು. ಅಮೆರಿಕದಲ್ಲಿ ಟಿ-ಮೊಬೈಲ್, ಎಟಿ ಅಂಡ್ ಟಿ, ವೆರೈಝಾನ್. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ಸೌದಿಯಲ್ಲಿ ಬೆರಳಚ್ಚನ್ನೂ ಕೇಳುತ್ತಾರೆ, ಹಾಗಾಗಿ ಯಾರಿಗೆ ಸಿಮ್ ಬೇಕೋ ಅವರೇ ಹೋಗಬೇಕು. ವಿಮಾನ ನಿಲ್ದಾಣದ ಅಂಗಡಿಗಿಂತ ಊರೊಳಗಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಅಗ್ಗ. ಆದರೆ ಭಾಷೆ ಗೊತ್ತಿಲ್ಲದ ಹಿರಿಯರು ಒಬ್ಬರೇ ಹೋಗಿದ್ದರೆ ನಾಲ್ಕು ಕಾಸು ಜಾಸ್ತಿ ಹೋಗಲಿ, ನಿಲ್ದಾಣದಲ್ಲೇ ಹಾಕಿಸಿಕೊಂಡು ಮನೆಗೆ "ಮುಟ್ಟಿದೆ" ಅಂತ ಹೇಳುವುದು ಮುಖ್ಯ. ಸಿಮ್ ಹಾಕಿದವರನ್ನು ಅಲ್ಲೇ ನಿಲ್ಲಿಸಿ, ನೆಟ್ ಬಂತೋ ನೋಡಿ, ಒಂದು ಕರೆ ಮಾಡಿ, ಆಮೇಲೆ ಕೌಂಟರ್ ಬಿಡಿ.

ಅಲ್ಲಿಯ ಸಿಮ್ ಎರಡನೇ ಜಾಗಕ್ಕೆ ಹೋಗಲಿ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಎಂದರೆ ಅಲ್ಲಿಯ ಸಿಮ್, ಕರೆ ಎಂದರೆ ಅಲ್ಲಿಯ ಸಿಮ್ ಅಂತ ಆರಿಸಿ. ಮನೆಯ ಸಿಮ್ ಸುಮ್ನೆ ಆನ್ ಇರಲಿ, ಒಟಿಪಿ ಬರುತ್ತದೆ. ಅದಕ್ಕೆ ಊರಿಂದ ಕರೆ ಬಂದರೆ ಎತ್ತಬೇಡಿ, ವಾಟ್ಸಾಪ್‌ನಿಂದ ತಿರುಗಿ ಮಾಡಿ. ಗೊತ್ತಿಲ್ಲದ ದೇಶದ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಲೇಬೇಡಿ.

ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ನಂಬರ್ ಬದಲಾಯಿಸಲೇ ಅಂತ ಕೇಳಬಹುದು. ಬೇಡ ಅನ್ನಿ. ಹಳೇ ನಂಬರಿನ ವಾಟ್ಸಾಪ್ ಹೊಸ ಸಿಮ್ಮಿನ ನೆಟ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ದುಬೈ, ಅಬುಧಾಬಿಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಯುಎಇಯಲ್ಲಿ ವಾಟ್ಸಾಪ್ ಸಂದೇಶ, ಫೋಟೋ, ಧ್ವನಿ ಸಂದೇಶ ಹೋಗುತ್ತವೆ, ಕರೆಗೆ ಮಾತ್ರ ಅಲ್ಲಿ ತಡೆ ಇದೆ. ಬೋಟಿಮ್ ಎಂಬ ಆ್ಯಪ್‌ಗೆ ಅಲ್ಲಿ ಅನುಮತಿ ಇದೆ. ಹೊರಡುವ ಮೊದಲೇ ನಿಮ್ಮ ಫೋನಿಗೂ, ಮನೆಯಲ್ಲಿ ಉಳಿಯುವವರ ಫೋನಿಗೂ ಅದನ್ನು ಹಾಕಿ, ಒಂದು ಸಲ ಮಾತಾಡಿ ನೋಡಿ. ಯಾರೋ ಹೇಳಿದರು ಅಂತ ವಿಪಿಎನ್ (ಇಂಥ ತಡೆ ದಾಟಿಸುವ ಆ್ಯಪ್) ಹಾಕಿ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳಬೇಡಿ. ಊರಲ್ಲಿ ಅವ್ವ ಅಪ್ಪನ ಹತ್ತಿರ ಕೀಪ್ಯಾಡ್ ಫೋನ್ ಇದ್ದರೆ, ಅಲ್ಲಿಯ ಸಿಮ್ಮಿಗೆ ಭಾರತಕ್ಕೆ ಮಾತಾಡುವ ಪ್ಯಾಕ್ ಬೇರೆ ಸಿಗುತ್ತದೆ, ಅಂಗಡಿಯಲ್ಲೇ ಕೇಳಿ. ಪ್ಯಾಕ್ ಇಲ್ಲದೆ ನೇರ ಕರೆ ಮಾಡಿದರೆ ಕೈ ಸುಡುತ್ತದೆ.

ನಾಲ್ಕೈದು ದಿನಕ್ಕೆ ಹೋಗಿ ಬರುವವರಿಗೆ, ಸಿಮ್ ಬದಲಾಯಿಸಲು ಕೈ ನಡುಗುವ ಹಿರಿಯರಿಗೆ ನಮ್ಮ ಕಂಪನಿಗಳ ರೋಮಿಂಗ್ ಪ್ಯಾಕೇ ಮೇಲು. ಹಾಕಿಸುವಾಗ ನಾಲ್ಕು ಪ್ರಶ್ನೆ ಕೇಳಿ. ನಾನು ಹೋಗುವ ದೇಶ ಪಟ್ಟಿಯಲ್ಲಿ ಇದೆಯಾ? ಅವಧಿ ಇವತ್ತಿನಿಂದ ಶುರುವೋ, ಅಲ್ಲಿ ಇಳಿದ ಮೇಲೋ? ಒಳಬರುವ ಕರೆ ಸೇರಿದೆಯಾ? ಅಲ್ಲಿ ಯಾವ ಕಂಪನಿಯ ನೆಟ್‌ವರ್ಕ್ ಹಿಡಿಯಬೇಕು? ಕೊನೆಯದು ಮುಖ್ಯ. ಪ್ಯಾಕ್ ಇದ್ದರೂ ಬೇರೆ ನೆಟ್‌ವರ್ಕ್ ಹಿಡಿದರೆ ಪೂರಾ ದರ ಬೀಳಬಹುದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕನ್ನು ಕೈಯಾರೆ ಆರಿಸುವ ಜಾಗ ಇದೆ. ಪ್ಯಾಕ್ ಹಾಕಿಸಿದವರು ಡೇಟಾ ರೋಮಿಂಗನ್ನು ಅಲ್ಲಿ ಇಳಿದ ಮೇಲೆ ಆನ್ ಮಾಡಬೇಕು, ಪ್ಯಾಕ್ ಮುಗಿಯುವ ಮೊದಲು ಆಫ್ ಮಾಡಬೇಕು.

ಪ್ರವಾಸಿಗರಿಗೆ ಅಂತಲೇ ಇ-ಸಿಮ್ ಮಾರುವ ಆ್ಯಪ್‌ಗಳೂ ಇವೆ. ಪರದೇಶದ ಸಿಮ್ಮನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅದು ಇಲ್ಲವೆಂದು 2024ರ ಜನವರಿಯಲ್ಲಿ ಏರಾಲೋ ಮತ್ತು ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿ ತಡೆದಿದ್ದರು. ದುಡ್ಡು ಕಟ್ಟುವ ಮೊದಲು ಅನುಮತಿ ಇರುವವರೇನಾ ಅಂತ ವಿಚಾರಿಸಿ.

ಯುರೋಪಿಗೆ ಹೋಗುವವರಿಗೆ ಒಂದು ಅನುಕೂಲ ಇದೆ. ಯುರೋಪಿಯನ್ ಒಕ್ಕೂಟದ ಒಂದು ದೇಶದ ಸಿಮ್ ಒಕ್ಕೂಟದ ಬೇರೆ ದೇಶಗಳಲ್ಲೂ ಅದೇ ದರದಲ್ಲಿ ನಡೆಯಬೇಕೆಂದು 2017ರ ಜೂನ್ 15ರಿಂದ ನಿಯಮ ಇದೆ. ಬ್ರಿಟನ್ ಈಗ ಆ ಒಕ್ಕೂಟದಲ್ಲಿಲ್ಲ. ಮುಕ್ತಿನಾಥ, ಪಶುಪತಿನಾಥಕ್ಕೆ ಹೋಗುವವರು ನೇಪಾಳವೂ ಪರದೇಶ ಎಂಬುದನ್ನು ಮರೆಯಬೇಡಿ. ಗಡಿಯ ಹತ್ತಿರ ಫೋನ್ ತಾನಾಗಿ ಆ ಕಡೆಯ ಟವರ್ ಹಿಡಿಯುತ್ತದೆ. ಅಲ್ಲಿ ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ಸಿಗುತ್ತದೆ. ಅಮರನಾಥಕ್ಕೆ ಹೋಗುವವರದು ಬೇರೆಯೇ ಕಥೆ. ದೇಶದೊಳಗೇ ಇದ್ದರೂ ಜಮ್ಮು ಕಾಶ್ಮೀರದಲ್ಲಿ ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಅಂದರೆ ಮೇಲೆ ನಾನು ಹೇಳಿದ್ದಕ್ಕೆ ತಿರುಗಾಮುರುಗಾ.

ವಾಪಸ್ ಬಂದ ಮೇಲೆ

ಡೇಟಾ ಮತ್ತು ಕರೆ ಎರಡಕ್ಕೂ ಮತ್ತೆ ಮನೆಯ ಸಿಮ್ ಆರಿಸಿ. ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ನಿಲ್ಲಿಸಲು ಹೇಳಿ. ಪೋಸ್ಟ್‌ಪೇಯ್ಡ್ ಆಗಿದ್ದರೆ ಮುಂದಿನ ಎರಡು ಬಿಲ್ ಸಾಲುಸಾಲಾಗಿ ಓದಿ, ರೋಮಿಂಗ್ ಲೆಕ್ಕ ತಡವಾಗಿಯೂ ಬರುತ್ತದೆ. ತಪ್ಪು ಕಂಡರೆ ಕಂಪನಿಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿಗೆ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಲು ಆ ನಂಬರ್ ಬೇಕು.

ಚಿಗವ್ವ ಎರಡನೇ ಸಲ ಹೋದಾಗ ಐದು ತಿಂಗಳು ಇದ್ದರು. ಡಲ್ಲಾಸ್‌ನಲ್ಲಿ ಇಳಿದು, ಮಗಳು ತಂದುಕೊಟ್ಟ ಸಿಮ್ಮನ್ನು ಆ ಕೆಂಪು ದಾರದ ಪಿನ್ನಿನಿಂದ ತಾವೇ ಹಾಕಿಕೊಂಡು, ನನಗೆ ಧ್ವನಿ ಸಂದೇಶ ಕಳಿಸಿದರು. "ಹಾಕ್ಕೊಂಡೆ ನೋಡಪಾ. ರೋಮಿಂಗ್ ಬಂದ್ ಐತಿ, ಎರಡ ಸಲ ನೋಡೀನಿ." ಹಿಂದೆ ಕೂಸು ಅಳುವ ಸದ್ದು ಕೇಳುತ್ತಿತ್ತು.